ಆಕಾಶದಲ್ಲಿ ಕೆಟ್ಟು ನಿಂತದ್ದನ್ನು ಸರಿಪಡಿಸುವವರು

(ತೇಣಿ ಜಿಲ್ಲೆಯ ಗೂಡಲೂರಿನಲ್ಲಿ ಪೋಷಕರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಗೂಡಲೂರು ಎಂದೊಡನೆ ಈ ಪತ್ರಿಕೆಯ ಓದುಗರಲ್ಲಿ ಹಲವರು ನೀಲಗಿರಿಯ ಗೂಡಲೂರು ಎಂದುಕೊಳ್ಳುವುದುಂಟು. ನಾವು ಸೇರಿರುವುದು ಕಂಬಂ ಕಣಿವೆಯ ಗೂಡಲೂರಿನಲ್ಲಿ, ದ್ರಾಕ್ಷಿ ತೋಟಗಳ ನಡುವೆ. ಇಲ್ಲಿನ ಕನ್ನಡ ಮನೆಗಳು ತಲೆತಲಾಂತರದಿಂದ ತಮಿಳಿನಲ್ಲಿ ಓದಿ ಬರೆದು, ಅಡುಗೆ ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದಿವೆ. ಹೊಸೂರು, ತಾಳವಾಡಿ, ಕಾಸರಗೋಡಿನ ಪೋಷಕರಿಗೆ ಕನ್ನಡ ಶಾಲೆಯಾದರೂ ಕಣ್ಣೆದುರಿಗಿದೆ. ಇಲ್ಲಿ ಅದೂ ಇಲ್ಲದೆ ಭಾಷೆ ಉಳಿದಿದೆ ಎಂಬುದನ್ನು ಅವರೆಲ್ಲ ಗಮನಿಸಬೇಕು.

ಸಭೆ ಆರಂಭವಾಗುವ ಮೊದಲು ಒಬ್ಬ ತಂದೆ ನನ್ನ ಬಳಿ ಬಂದು ಕೇಳಿದರು: "ಸಾರ್, ಮಗ ಏಳನೇ ತರಗತಿ, ಕನ್ನಡ ಮಾಧ್ಯಮ. ರಾಕೆಟ್ಟು, ಉಪಗ್ರಹ ಅಂತ ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಇಟ್ಟುಕೊಳ್ಳುತ್ತಾನೆ. ಕನ್ನಡದಲ್ಲಿ ಓದಿದವನನ್ನು ಅಲ್ಲೆಲ್ಲ ಸೇರಿಸಿಕೊಳ್ಳುತ್ತಾರೆಯೇ? ಈಗಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿಬಿಡಲೇ?" ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸುಲಭ. ಹಾಗೆ ಹೇಳಿದರೆ ತಾವು ನಂಬಬೇಕಾಗಿಲ್ಲ. ಆದ್ದರಿಂದ ಮೊದಲು ಆ ಹುಡುಗ ಕತ್ತರಿಸಿಟ್ಟ ಸುದ್ದಿಯ ವಿಷಯವನ್ನೇ ನೋಡೋಣ. ಅಲ್ಲಿ ಯಾವ ಕೆಲಸ ನಡೆಯುತ್ತಿದೆ, ಅದಕ್ಕೆ ಎಂಥ ಬುದ್ಧಿ ಬೇಕು ಎಂದು ತಿಳಿದರೆ ಉತ್ತರವನ್ನು ತಾವೇ ಹೇಳಿಕೊಳ್ಳಬಹುದು.

ಬಾವಿಯ ಮೋಟಾರು ಸುಟ್ಟರೆ ನಾವು ಏನು ಮಾಡುತ್ತೇವೆ? ಬಿಚ್ಚಿ, ಗಾಡಿಗೆ ಹಾಕಿಕೊಂಡು ಹೋಗಿ, ವೈಂಡಿಂಗ್ ಮಾಡಿಸಿ ತಂದು ಮತ್ತೆ ಇಳಿಸುತ್ತೇವೆ. ಎರಡು ಮೂರು ಸಲ ಸುಟ್ಟ ಮೋಟಾರೂ ಓಡುತ್ತಿರುತ್ತದೆ. ಈ ಕಣಿವೆಗೆ ನೀರು ಕೊಡುವ ಪೆರಿಯಾರ್ ಅಣೆಕಟ್ಟು 1895ರದ್ದು, ಸುಣ್ಣ ಸುರ್ಕಿಯ ಕಟ್ಟಡ. ಅದಕ್ಕೂ ಕಾಲಕಾಲಕ್ಕೆ ದುರಸ್ತಿಯಾಗಿದೆ, ಬಲ ಕೊಟ್ಟಿದ್ದಾರೆ. ಮನುಷ್ಯ ಮಾಡಿದ ಯಂತ್ರಗಳಲ್ಲಿ ದುರಸ್ತಿಯ ಭಾಗ್ಯವೇ ಇಲ್ಲದ್ದು ಬಹುಮಟ್ಟಿಗೆ ಉಪಗ್ರಹ ಒಂದೇ. ನೂರಾರು ಕೋಟಿ ರೂಪಾಯಿ ಖರ್ಚು ಮಾಡಿ ಮೇಲೆ ಕಳುಹಿಸಿದ ಮೇಲೆ ಒಂದು ಸಣ್ಣ ಕವಾಟ ತೆರೆಯದಿದ್ದರೂ ಹೋಗಿ ತಟ್ಟುವವರಿಲ್ಲ.

ಇದಕ್ಕೆ ನಮ್ಮದೇ ಉದಾಹರಣೆಗಳಿವೆ. 1982ರ ಏಪ್ರಿಲ್ 10ರಂದು ಅಮೆರಿಕದಿಂದ ಹಾರಿದ ಇನ್ಸಾಟ್-1ಎ ಏಳು ವರ್ಷ ಬಾಳಬೇಕಾಗಿತ್ತು. ಅದನ್ನು ನೋಡಿಕೊಳ್ಳಲೆಂದೇ ನಮ್ಮ ಹಾಸನದಲ್ಲಿ ಮುಖ್ಯ ನಿಯಂತ್ರಣ ಕೇಂದ್ರವನ್ನು ಕಟ್ಟಿದ್ದರು. ಮೊದಲಿನಿಂದಲೂ ಆ ಉಪಗ್ರಹಕ್ಕೆ ಒಂದಲ್ಲ ಒಂದು ಕಾಯಿಲೆ. ಆಂಟೆನಾ ಬಿಚ್ಚಿಕೊಳ್ಳಲು ಹಟ ಮಾಡಿತು, ಸಮತೋಲಕ್ಕೆಂದು ಇಟ್ಟಿದ್ದ ಹಾಯಿ ಹರಡಲೇ ಇಲ್ಲ. ಕೊನೆಗೆ ಭೂಮಿಯತ್ತ ಮುಖ ಮಾಡಿ ನಿಲ್ಲಲು ಬೇಕಾದ ಇಂಧನವೆಲ್ಲ ಮುಗಿದು, ಸೆಪ್ಟೆಂಬರ್ 6ರಂದು ಅದನ್ನು ಕೈಬಿಟ್ಟರು. ಐದು ತಿಂಗಳೂ ತುಂಬಲಿಲ್ಲ. ಮಾರನೆಯ ವರ್ಷ ಹೋದ ಇನ್ಸಾಟ್-1ಬಿ ಚೆನ್ನಾಗಿ ಕೆಲಸ ಮಾಡಿದ್ದರಿಂದ ದೂರದರ್ಶನ ನಮ್ಮ ಹಳ್ಳಿಗಳಿಗೆ ಬಂತು. ಜನ ಮೊದಲನೆಯದನ್ನು ಮರೆತರು.

ಇತ್ತೀಚಿನದು ಇನ್ನೂ ನೋವಿನದು. 2025ರ ಜನವರಿ 29ರಂದು ಶ್ರೀಹರಿಕೋಟೆಯ ನೂರನೆಯ ಉಡಾವಣೆಯಲ್ಲಿ ಎನ್‌ವಿಎಸ್-02 ಎಂಬ ಪಥದರ್ಶಕ ಉಪಗ್ರಹ ಮೇಲೇರಿತು. ರಾಕೆಟ್ಟು ತನ್ನ ಕೆಲಸವನ್ನು ಸರಿಯಾಗಿ ಮಾಡಿತು. ಉಪಗ್ರಹದೊಳಗಿನ ಎಂಜಿನ್ನಿಗೆ ಆಕ್ಸಿಡೈಜರ್ ಬಿಡುವ ಕವಾಟ ತೆರೆದುಕೊಳ್ಳಲಿಲ್ಲ. ತೊಟ್ಟಿಯಲ್ಲಿ ಇಂಧನವಿದೆ, ವಿದ್ಯುತ್ತಿದೆ, ಆದರೆ ಸೇರಬೇಕಾದ ಕಕ್ಷೆಗೆ ಏರಲಾರದು. ಬಾವಿಯಲ್ಲಿ ನೀರಿದ್ದು ಹಗ್ಗವಿಲ್ಲದವನ ಪಾಡು.

ಕೆಡದೆ ಇರುವ ಉಪಗ್ರಹಕ್ಕೂ ಸಾವು ಬರುತ್ತದೆ. ಟಿ.ವಿ., ದೂರವಾಣಿಗೆ ಬಳಸುವ ಉಪಗ್ರಹಗಳು ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ಸುತ್ತುವ ಲೆಕ್ಕಕ್ಕೆ ಸರಿಯಾಗಿ ತಾವೂ ಸುತ್ತುತ್ತ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ಇರುತ್ತವೆ. ಇದನ್ನು ನಮ್ಮ ಮಕ್ಕಳು ಭೂಸ್ಥಿರ ಕಕ್ಷೆ ಎಂದು ಓದುತ್ತಾರೆ. ಸೂರ್ಯ ಚಂದ್ರರ ಸೆಳೆತಕ್ಕೆ ಅವು ಮೆಲ್ಲಮೆಲ್ಲಗೆ ಜಾಗ ಬಿಟ್ಟು ಸರಿಯುತ್ತವೆ. ಆಗಾಗ ಸಣ್ಣ ಎಂಜಿನ್ನು ಉರಿಸಿ ಹಾಸನದವರು ಅವನ್ನು ಮತ್ತೆ ಜಾಗಕ್ಕೆ ತರಬೇಕು. ಹನ್ನೆರಡು, ಹದಿನೈದು ವರ್ಷಕ್ಕೆ ಆ ಇಂಧನ ಮುಗಿಯುತ್ತದೆ. ಒಳಗಿನ ಯಂತ್ರಗಳೆಲ್ಲ ಗಟ್ಟಿಯಾಗಿಯೇ ಇರಬಹುದು. ಆದರೂ ಕೊನೆಯ ಹನಿಗಳಲ್ಲಿ ಅದನ್ನು ಇನ್ನೂ ಮುನ್ನೂರು ಕಿಲೋಮೀಟರಿನಷ್ಟು ಮೇಲಕ್ಕೆ ಒಯ್ದು ಬಿಟ್ಟುಬಿಡುತ್ತಾರೆ. ಆ ಕಕ್ಷೆಗೆ ಸ್ಮಶಾನ ಕಕ್ಷೆ ಎಂದೇ ಹೆಸರು. ಡೀಸೆಲ್ ಮುಗಿಯಿತೆಂದು ಟ್ರ್ಯಾಕ್ಟರನ್ನು ಹೂಳುವ ರೈತ ಉಂಟೇ?

ಮನುಷ್ಯರೇ ಹೋಗಿ ಸರಿಪಡಿಸಿದ ಉದಾಹರಣೆಗಳಿವೆ. 1990ರಲ್ಲಿ ಹಾರಿಬಿಟ್ಟ ಹಬಲ್ ದೂರದರ್ಶಕದ ಕನ್ನಡಿಯಲ್ಲಿ ದೋಷವಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಅದಕ್ಕೆ ಕನ್ನಡಕ ಹಾಕಿದ ಹಾಗೆ ಮಾಡಿ ಬಂದರು. ಆದರೆ ಒಂದೊಂದು ಉಪಗ್ರಹಕ್ಕೂ ಮನುಷ್ಯರನ್ನು ಕಳಿಸುವುದು ಯಾವ ದೇಶಕ್ಕೂ ಕಟ್ಟುವುದಿಲ್ಲ, ಭೂಸ್ಥಿರ ಕಕ್ಷೆಯ ಎತ್ತರಕ್ಕಂತೂ ಹಾಗೆ ಯಾರೂ ಹೋಗಿಲ್ಲ. ಆದ್ದರಿಂದ ಯಂತ್ರವನ್ನೇ ಮೆಕ್ಯಾನಿಕ್ ಮಾಡಿ ಕಳಿಸುವ ಯೋಚನೆ ಬಂತು.

ವ್ಯಾಪಾರವಾಗಿ ಇದನ್ನು ಮೊದಲು ಮಾಡಿ ತೋರಿಸಿದ್ದು ಅಮೆರಿಕದ ನಾರ್ತ್ರಾಪ್ ಗ್ರಮನ್ ಕಂಪನಿಯ ಎಂಇವಿ-1 ಎಂಬ ನೌಕೆ. 2020ರ ಫೆಬ್ರವರಿ 25ರಂದು ಅದು ಇಂಟೆಲ್‌ಸಾಟ್-901 ಎಂಬ ಉಪಗ್ರಹವನ್ನು ಹಿಡಿದುಕೊಂಡಿತು. ಆ ಉಪಗ್ರಹ 2001ರದ್ದು, ಇಂಧನ ತೀರುತ್ತ ಬಂದಿತ್ತು. ಯಾರೋ ಬಂದು ತನ್ನನ್ನು ಹಿಡಿಯುತ್ತಾರೆ ಎಂಬ ಲೆಕ್ಕದಲ್ಲಿ ಅದನ್ನು ಮಾಡಿರಲಿಲ್ಲ. ಹಿಡಿ ಇಲ್ಲ, ಕೊಂಡಿ ಇಲ್ಲ. ಕೊನೆಗೆ ಅದರ ಎಂಜಿನ್ನಿನ ಬಾಯೊಳಗೇ ಒಂದು ಸರಳನ್ನು ತೂರಿಸಿ ಒಳಗಿನಿಂದ ಬಿಗಿಹಿಡಿದರು. ಅಲ್ಲಿ ಇಂಧನ ತುಂಬಲಿಲ್ಲ. ಮುದಿ ಎತ್ತಿನ ಪಕ್ಕದಲ್ಲಿ ಎಳೆಯ ಎತ್ತನ್ನು ನೊಗಕ್ಕೆ ಕಟ್ಟಿದ ಹಾಗೆ, ಬಂದ ನೌಕೆಯೇ ತನ್ನ ಬಲದಿಂದ ಎರಡನ್ನೂ ನಿಲ್ಲಿಸಿಕೊಂಡಿತು. ಐದು ವರ್ಷದ ಕರಾರು ಮುಗಿದ ಮೇಲೆ, 2025ರಲ್ಲಿ, ಹಳೆಯದನ್ನು ಸ್ಮಶಾನ ಕಕ್ಷೆಯಲ್ಲಿ ಬಿಟ್ಟು ಮುಂದಿನ ಗಿರಾಕಿಯ ಕಡೆ ಹೊರಟಿತು. ಜಪಾನಿನ ಆಸ್ಟ್ರೋಸ್ಕೇಲ್ ಎಂಬ ಕಂಪನಿಯ ನೌಕೆ 2024ರಲ್ಲಿ, ಕೆಲಸ ಮುಗಿಸಿ ಸುತ್ತುತ್ತಿದ್ದ ಒಂದು ಹಳೆಯ ರಾಕೆಟ್ ತುಂಡಿನ ಹತ್ತಿರಕ್ಕೆ, ಸುಮಾರು 15 ಮೀಟರ್ ಅಂತರಕ್ಕೆ, ಹೋಗಿ ಬಂದಿತು. ಅದು ಕಸ ಹೊರುವ ಕೆಲಸದ ಮೊದಲ ಪಾಠ.

ಈಗ ನಮ್ಮ ಕಡೆಗೆ ಬರೋಣ. ಹೋಗಿ ಸರಿಪಡಿಸಬೇಕಾದರೆ ಮೊದಲು ಹತ್ತಿರ ಹೋಗಿ ಸೇರಬೇಕಷ್ಟೆ. ಆ ವಿದ್ಯೆ ಬಹಳ ಕಷ್ಟದ್ದು. 2024ರ ಡಿಸೆಂಬರ್ 30ರಂದು ಇಸ್ರೋ ಸಂಸ್ಥೆ ಸ್ಪೇಡೆಕ್ಸ್ ಎಂಬ ಪ್ರಯೋಗಕ್ಕಾಗಿ ಎರಡು ಪುಟ್ಟ ಉಪಗ್ರಹಗಳನ್ನು ಒಂದೇ ರಾಕೆಟ್ಟಿನಲ್ಲಿ ಕಳುಹಿಸಿತು. ಒಂದೊಂದೂ ಸುಮಾರು 220 ಕಿಲೋ ತೂಕ. ಒಂದು ಬೆನ್ನಟ್ಟುವುದು, ಇನ್ನೊಂದು ಸಿಕ್ಕಿಕೊಳ್ಳುವುದು. ಇವನ್ನು ಜೋಡಿಸಿ ಪರೀಕ್ಷೆ ಮಾಡಿದ್ದು ಬೆಂಗಳೂರಿನ ಅನಂತ್ ಟೆಕ್ನಾಲಜೀಸ್ ಎಂಬ ಖಾಸಗಿ ಸಂಸ್ಥೆಯಲ್ಲಿ, ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರದವರ ಮಾರ್ಗದರ್ಶನದಲ್ಲಿ. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಆ ರಾಯರು 1970ರ ದಶಕದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟವನ್ನು ಮಾಡಿಸಿದವರು. ಸ್ಪೇಡೆಕ್ಸ್ ಜೋಡಿಗೆ ಆಜ್ಞೆ ಹೋದದ್ದೂ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರದಿಂದಲೇ.

ಕಷ್ಟ ಎಲ್ಲಿದೆ ಎಂದು ಹೇಳುತ್ತೇನೆ. ಆ ಎರಡೂ 475 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ಸುಮಾರು 27,000 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಇಲ್ಲಿಂದ ಬೆಂಗಳೂರಿಗೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರುತ್ತೀರಲ್ಲ, ಆ ವೇಗದಲ್ಲಿ ಅದು ಒಂದು ನಿಮಿಷದ ದಾರಿ. ಹಾಗೆ ಓಡುತ್ತಲೇ ಒಂದಕ್ಕೊಂದು ತಾಗುವ ಹೊತ್ತಿನಲ್ಲಿ ಅವುಗಳ ನಡುವಿನ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರಬೇಕು. ಇರುವೆ ಹರಿದ ಹಾಗೆ. ಸ್ವಲ್ಪ ಜೋರಾದರೆ ಗುದ್ದಿ ಎರಡೂ ಹಾಳು.

ಇನ್ನೊಂದು ತಮಾಷೆ ಇದೆ, ಮಕ್ಕಳಿಗೆ ಹೇಳಿದರೆ ಬಹಳ ಹಿಡಿಸುತ್ತದೆ. ಮುಂದೆ ಹೋಗುತ್ತಿರುವ ಉಪಗ್ರಹವನ್ನು ಹಿಡಿಯಬೇಕಾದರೆ ಹಿಂದಿನದು ಎಂಜಿನ್ನು ಉರಿಸಿ ಮುಂದಕ್ಕೆ ನುಗ್ಗಬೇಕು ಎಂದು ನಮಗೆ ತೋರುತ್ತದೆ. ಹಾಗೆ ಮಾಡಿದರೆ ಅದು ಮೇಲಿನ ಕಕ್ಷೆಗೆ ಏರಿ, ಸುತ್ತು ದೊಡ್ಡದಾಗಿ, ಹಿಂದೆ ಬೀಳುತ್ತದೆ. ಹಿಡಿಯಬೇಕಾದವನು ಮೊದಲು ಬ್ರೇಕು ಹಾಕಿ ಕೆಳಕ್ಕಿಳಿಯಬೇಕು. ಕಣದಲ್ಲಿ ಎತ್ತುಗಳನ್ನು ಕಟ್ಟಿ ತುಳಿಸಿದವರಿಗೆ ಅರ್ಧ ಉತ್ತರ ಗೊತ್ತು. ಮೇಟಿಯ ಪಕ್ಕದ ಎತ್ತಿಗೆ ಸುತ್ತು ಚಿಕ್ಕದು, ಹೊರಗಿನ ಎತ್ತಿಗೆ ದೊಡ್ಡದು. ಉಳಿದರ್ಧ ಗುರುತ್ವಾಕರ್ಷಣೆಯದು: ಭೂಮಿಗೆ ಹತ್ತಿರವಿದ್ದಷ್ಟೂ ಸುತ್ತುವ ವೇಗವೇ ಹೆಚ್ಚು. ಈ ವಿಷಯವನ್ನು ಮೇಟಿಯ ಹೋಲಿಕೆಯಿಂದ ಹೇಳಿದಾಗ ತರಗತಿಯಲ್ಲಿ ಹಿಂದಿನ ಬೆಂಚಿನ ಮಗುವೂ ತಲೆಯೆತ್ತಿ ನೋಡುತ್ತದೆ. ಅದೇ ಮಾತನ್ನು ಅರ್ಥವಾಗದ ಭಾಷೆಯಲ್ಲಿ ಬೋರ್ಡಿನ ಮೇಲೆ ಬರೆಸಿದರೆ ಮಗು ಬರೆದುಕೊಳ್ಳುತ್ತದೆ, ಅಷ್ಟೆ.

ಸ್ಪೇಡೆಕ್ಸ್ ಜೋಡಣೆ ಮೊದಲು ಜನವರಿ 7ಕ್ಕೆ ಎಂದರು, ಮುಂದಕ್ಕೆ ಹೋಯಿತು. ನಂತರ 9ಕ್ಕೆ ಎಂದರು. ಅಂತರವನ್ನು 225 ಮೀಟರಿಗೆ ತರುವಾಗ ಎಣಿಸಿದ್ದಕ್ಕಿಂತ ಹೆಚ್ಚು ಸರಿದಾಟ ಕಂಡಿತು, ಅದನ್ನೂ ನಿಲ್ಲಿಸಿದರು. 12ರಂದು 15 ಮೀಟರಿಗೆ, ಮತ್ತೆ 3 ಮೀಟರಿಗೆ ತಂದು, ಹಿಂದಕ್ಕೆ ಸರಿಸಿ, ಅಂಕಿಅಂಶಗಳನ್ನು ನೋಡಿದರು. 2025ರ ಜನವರಿ 16ರಂದು ಎರಡೂ ಸೇರಿದವು. ಅಮೆರಿಕ, ರಷ್ಯಾ, ಚೀನಾ ಬಿಟ್ಟರೆ ಈ ವಿದ್ಯೆ ಕೈವಶವಾದ ನಾಲ್ಕನೆಯ ದೇಶ ನಮ್ಮದು. ಮಾರ್ಚ್ 13ರಂದು ಬಿಡಿಸಿದರು, ಏಪ್ರಿಲ್ 20ರಂದು ಮತ್ತೆ ಸೇರಿಸಿದರು. ಎರಡನೆಯ ಸಲ 15 ಮೀಟರಿನಿಂದ ಮುಂದಕ್ಕೆ ಕೆಳಗಿನಿಂದ ಯಾರೂ ಕೈ ಹಾಕಲಿಲ್ಲ. ಅವೇ ನೋಡಿಕೊಂಡು ಸೇರಿದವು. ಆಮೇಲೆ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತನ್ನೂ ಹರಿಸಿ ತೋರಿಸಿದರು. ಸೇರಿದ ಸುದ್ದಿಗಿಂತ ನನಗೆ ಇಷ್ಟವಾದದ್ದು ನಿಲ್ಲಿಸಿದ ಸುದ್ದಿ. ದೇಶವೆಲ್ಲ ನೋಡುತ್ತಿರುವಾಗ "ಇವತ್ತು ಬೇಡ" ಎನ್ನುವುದಕ್ಕೆ ಎದೆಗಾರಿಕೆ ಬೇಕು.

ಅದೇ ರಾಕೆಟ್ಟಿನ ಕೊನೆಯ ಹಂತವನ್ನು ಕಸವಾಗಲು ಬಿಡದೆ ಒಂದು ಪ್ರಯೋಗಶಾಲೆಯನ್ನಾಗಿ ಬಳಸಿಕೊಂಡರು. ಅದರ ಮೇಲೆ ತಿರುವನಂತಪುರದ ಇಸ್ರೋ ಘಟಕದವರು ಮಾಡಿದ, ಏಳು ಕೀಲುಗಳುಳ್ಳ, ಹುಳು ಹರಿದಂತೆ ಜಾಗ ಬದಲಿಸಿ ನಡೆಯಬಲ್ಲ ಒಂದು ಯಂತ್ರದ ಕೈ ಇತ್ತು. ಮುಂದೆ ಸ್ಪಾನರು ಹಿಡಿಯಬೇಕಾದ ಕೈ ಅದು. ಜೊತೆಗೆ ಎಂಟು ಅಲಸಂದೆ ಕಾಳುಗಳನ್ನೂ ಕಳಿಸಿದ್ದರು, ತಾವು ತಮಿಳಿನಲ್ಲಿ ತಟ್ಟಪಯರು ಎನ್ನುತ್ತೀರಲ್ಲ, ಅದು. ನಾಲ್ಕು ದಿನಕ್ಕೆ ಮೊಳಕೆ ಬಂತು. ಇದು ವಿಷಯಕ್ಕೆ ಸೇರಿದ್ದಲ್ಲ, ರೈತರ ಸಭೆಯೆಂದು ಹೇಳಿದೆ.

2020ರಲ್ಲಿ ಇನ್-ಸ್ಪೇಸ್ ಎಂಬ ಸಂಸ್ಥೆಯನ್ನು ಮಾಡಿ, 2023ರಲ್ಲಿ ಹೊಸ ಬಾಹ್ಯಾಕಾಶ ನೀತಿಯನ್ನು ತಂದ ಮೇಲೆ ಚಿಕ್ಕ ಕಂಪನಿಗಳಿಗೂ ಈ ಬಾಗಿಲು ತೆರೆದಿದೆ. ಬೆಂಗಳೂರಿನ ಆರ್ಬಿಟ್‌ಏಡ್ ಎಂಬ ಹೊಸ ಕಂಪನಿ ಹಿಡಿದಿರುವುದು ಉಪಗ್ರಹಕ್ಕೆ ಮೇಲೆಯೇ ಇಂಧನ ತುಂಬುವ ಕೆಲಸವನ್ನು. ಅವರ ಯೋಚನೆ ನಮ್ಮ ಅಡುಗೆ ಅನಿಲದ ರೆಗ್ಯುಲೇಟರಿನಂಥದು. ಸಿಲಿಂಡರು ಯಾವ ಊರಿನದಾದರೂ ಬಾಯಿ ಒಂದೇ ಅಳತೆ, ಆದ್ದರಿಂದ ಯಾರ ಮನೆಯ ರೆಗ್ಯುಲೇಟರಾದರೂ ಕೂರುತ್ತದೆ. ಹಾಗೆಯೇ ಇನ್ನು ಮುಂದೆ ಹೋಗುವ ಉಪಗ್ರಹಗಳಿಗೆಲ್ಲ ಒಂದೇ ಬಗೆಯ ಬಾಯಿ ಇಟ್ಟರೆ, ಬಂದು ಸೇರಿ ತುಂಬಿಸುವುದು ಸಾಧ್ಯ. ಎಂಜಿನ್ನಿನ ಬಾಯೊಳಗೆ ಸರಳು ತೂರಿಸುವ ಪಾಡು ತಪ್ಪುತ್ತದೆ. ಇದನ್ನು ಪ್ರಯೋಗ ಮಾಡಿ ನೋಡಲು ಅವರು ಆಯುಳ್‌ಸಾಟ್ ಎಂಬ ಉಪಗ್ರಹವನ್ನು ಮಾಡಿದರು. ಹೆಸರು ಕೇಳಿದೊಡನೆ ನಿಮಗೆ ತಮಿಳಿನ 'ಆಯುಳ್' ನೆನಪಾಗಿರಬೇಕು, ನಮ್ಮ ಆಯುಸ್ಸು.

ಅದಕ್ಕೆ ಆಯುಸ್ಸಿರಲಿಲ್ಲ. 2026ರ ಜನವರಿ 12ರಂದು ಅದನ್ನು ಹೊತ್ತ ಪಿಎಸ್‌ಎಲ್‌ವಿ-ಸಿ62 ರಾಕೆಟ್ಟು ಮೂರನೆಯ ಹಂತದ ಕೊನೆಯಲ್ಲಿ ದಾರಿ ತಪ್ಪಿತು. ಕಕ್ಷೆಗೆ ಸೇರದೆ ಅದರೊಂದಿಗೆ ಇನ್ನೂ ಹಲವು ಉಪಗ್ರಹಗಳು ಹೋದವು. 2025ರ ಮೇ 18ರಂದು ಹಾರಿದ ಇದರ ಹಿಂದಿನ ಪಿಎಸ್‌ಎಲ್‌ವಿಯೂ ಮೂರನೆಯ ಹಂತದಲ್ಲಿಯೇ ಸೋತಿತ್ತು. ಇದನ್ನು ಮುಚ್ಚಿಟ್ಟು ಬರೀ ಜಯಘೋಷ ಮಾಡುವುದು ನನಗೆ ಸೇರದು. ಮಗನನ್ನು ಈ ದಾರಿಗೆ ಕಳಿಸುವ ತಂದೆಗೆ ಸೋಲಿನ ಲೆಕ್ಕವೂ ಗೊತ್ತಿರಬೇಕು. ಸಣ್ಣ ಕಂಪನಿಗೆ ವರ್ಷಗಟ್ಟಲೆ ಮಾಡಿದ ಕೆಲಸ ಕೆಲವು ನಿಮಿಷಗಳಲ್ಲಿ ಸಮುದ್ರ ಸೇರುವುದೆಂದರೆ, ಆಲಿಕಲ್ಲು ಮಳೆಗೆ ಕೊಯ್ಲಿಗೆ ಬಂದ ದ್ರಾಕ್ಷಿ ಹೋದ ಹಾಗೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಟ್ಟ ಉಪಗ್ರಹವನ್ನು ಹಿಡಿಯಬಲ್ಲ ಕೈ ಚೆನ್ನಾಗಿರುವುದನ್ನೂ ಹಿಡಿಯಬಲ್ಲದು, ಶತ್ರುವಿನದನ್ನೂ ಹಿಡಿಯಬಲ್ಲದು. 1972ರ ಅಂತಾರಾಷ್ಟ್ರೀಯ ಒಪ್ಪಂದದಂತೆ ಒಂದು ದೇಶದಿಂದ ಹಾರಿದ ವಸ್ತು ಮಾಡಿದ ಹಾನಿಗೆ ಆ ದೇಶದ ಸರ್ಕಾರವೇ ಹೊಣೆ, ಮಾಡಿದ್ದು ಖಾಸಗಿ ಕಂಪನಿಯಾದರೂ ಸರಿ. ಆದ್ದರಿಂದ ಈ ಕೆಲಸಕ್ಕೆ ಎಂಜಿನಿಯರು ಮಾತ್ರವಲ್ಲ, ಕಾನೂನು ಓದಿದವರೂ ಬೇಕು.

ಈಗ ಆ ತಂದೆಯ ಪ್ರಶ್ನೆ. ಇಸ್ರೋದ ಈಗಿನ ಅಧ್ಯಕ್ಷರಾದ ವಿ. ನಾರಾಯಣನ್ ಅವರು ಕನ್ಯಾಕುಮಾರಿ ಜಿಲ್ಲೆಯ ಹಳ್ಳಿಯವರು, ತಮಿಳು ಮಾಧ್ಯಮದಲ್ಲಿ ಓದಿದವರು. ಅದೇ ಸ್ಥಾನದಲ್ಲಿದ್ದ ಕೆ. ಶಿವನ್ ಅವರೂ ಹಾಗೆಯೇ. ಚಂದ್ರಯಾನದ ಮಯಿಲ್‌ಸ್ವಾಮಿ ಅಣ್ಣಾದುರೈ ಅವರು ಪೊಳ್ಳಾಚಿ ಹತ್ತಿರದ ಕೋದವಾಡಿಯಲ್ಲಿ ತಮಿಳಿನಲ್ಲೇ ಓದಿ ಬಂದರು. ತಾಯ್ನುಡಿಯ ಶಾಲೆ ಅವರಿಗೆ ಅಡ್ಡಿಯಾಗಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ನಾವು ಮರೆಮಾಚಬಾರದು. ಅವರ ಮಾತು ಅವರ ರಾಜ್ಯದ ಮಾತು. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮುಂದೆ ಕಾಲೇಜಿನಲ್ಲಿ ಇಂಗ್ಲಿಷು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಹತ್ತನೆಯ ತರಗತಿಯ ತಮಿಳು ಪರೀಕ್ಷೆಯ ವಿನಾಯಿತಿಗಾಗಿ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಅಲೆಯಬೇಕಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯಲಿ, ಅದು ಅನ್ನ ಕೊಡುವ ನಾಡಿನ ಭಾಷೆ. ಇಂಗ್ಲಿಷನ್ನೂ ಆರನೆಯ ತರಗತಿಯಿಂದ ಗಟ್ಟಿಯಾಗಿ ಕಲಿಸಬೇಕು; ಇಲ್ಲದಿದ್ದರೆ ಕಾಲೇಜಿನ ಮೊದಲ ವರ್ಷ ಮಗು ಬಹಳ ನರಳುತ್ತದೆ, ಇದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಗಣಿತ, ವಿಜ್ಞಾನದ ತಿರುಳು ಮನಸ್ಸಿಗೆ ಇಳಿಯುವುದು ಮನೆಯ ಮಾತಿನಲ್ಲಿ. ಭಾಷೆ ಕಲಿಯಲು ಮಾಧ್ಯಮ ಬದಲಿಸಬೇಕಾಗಿಲ್ಲ.

ಹಾಗೆಂದು ಕನ್ನಡ ಶಾಲೆ ಎಂಬ ಫಲಕವೊಂದಿದ್ದರೆ ಸಾಲದು. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಹೇಳುತ್ತದೆ. ಅನುಕೂಲ ಎಂದರೆ ಕನ್ನಡದಲ್ಲಿ ವಿಜ್ಞಾನ ಹೇಳಿಕೊಡಬಲ್ಲ ಶಿಕ್ಷಕರು ಮತ್ತು ಜೂನ್ ತಿಂಗಳಲ್ಲೇ ಕೈಗೆ ಬರುವ ಪುಸ್ತಕ. ಮೇಲಿನ ತರಗತಿಗಳಿದ್ದರೆ ಬೀಗ ಹಾಕಿರದ ಪ್ರಯೋಗಶಾಲೆಯೂ ಬೇಕು. ನಿಮ್ಮ ಶಾಲೆಯಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆ ಎಷ್ಟು ವರ್ಷದಿಂದ ಖಾಲಿ ಇದೆ ಎಂದು ಪೋಷಕರ ಸಭೆಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ದೂರಿಗೆ ಕಡತದಲ್ಲಿ ಜಾಗವಿಲ್ಲ. ಮಗುವನ್ನು ಶಾಲೆ ಬಿಡಿಸುವುದು ಸುಲಭ. ಹತ್ತು ಮಕ್ಕಳು ಬಿಟ್ಟರೆ ಉಳಿದವರ ಹುದ್ದೆಯೂ ಹೋಗುತ್ತದೆ ಎಂಬುದನ್ನು ಬಿಡಿಸುವ ಮುನ್ನ ಒಮ್ಮೆ ಎಣಿಸಿ.

ಎಲ್ಲರೂ ವಿಜ್ಞಾನಿಗಳಾಗಬೇಕಾಗಿಯೂ ಇಲ್ಲ. ಉಪಗ್ರಹ ಮಾಡುವ ಕಡೆ ಫಿಟ್ಟರು, ಮೆಷಿನಿಸ್ಟು, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ಕುಗಳೂ ಬೇಕು. ಹತ್ತನೆಯ ತರಗತಿಯ ಮೇಲೆ ಐ.ಟಿ.ಐ. ಮುಗಿಸಿದವರನ್ನು ಇಸ್ರೋ ತಂತ್ರಜ್ಞರಾಗಿ ತೆಗೆದುಕೊಳ್ಳುತ್ತದೆ. ಎಂಜಿನ್ನುಗಳನ್ನು ಪರೀಕ್ಷಿಸುವ ಮಹೇಂದ್ರಗಿರಿ ಇರುವುದು ತಿರುನೆಲ್ವೇಲಿ ಜಿಲ್ಲೆಯಲ್ಲಿ, ಎರಡನೆಯ ಉಡಾವಣಾ ಕೇಂದ್ರಕ್ಕೆ 2024ರಲ್ಲಿ ಅಡಿಗಲ್ಲು ಬಿದ್ದ ಕುಲಶೇಖರಪಟ್ಟಿಣಂ ತೂತ್ತುಕುಡಿ ಜಿಲ್ಲೆಯಲ್ಲಿ; ಎರಡೂ ನಿಮಗೆ ಬೆಂಗಳೂರಿಗಿಂತ ಹತ್ತಿರ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇಸ್ರೋ 2019ರಲ್ಲಿ ಯುವಿಕಾ ಎಂಬ ಶಿಬಿರವನ್ನು ಆರಂಭಿಸಿತು. ಆಯ್ಕೆಯಲ್ಲಿ ಎಂಟನೆಯ ತರಗತಿಯ ಅಂಕಗಳನ್ನು ನೋಡುತ್ತಾರೆ, ಹಳ್ಳಿಯ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕವಿದೆ. ಅರ್ಜಿ ಕರೆದಾಗ ಹಾಕಿಸುವಂತೆ ಮುಖ್ಯೋಪಾಧ್ಯಾಯರಿಗೆ ನೆನಪು ಮಾಡಿ.

ಮನೆಗೆ ಹೋಗಿ ಮಾಡಿ ನೋಡುವ ಒಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಅಗಲವಾದ ತೊಟ್ಟಿಯಲ್ಲಿ ನೀರು ತುಂಬಿ ಅಲುಗಾಟ ನಿಲ್ಲುವವರೆಗೆ ಬಿಡಿ. ಎರಡು ಪ್ಲಾಸ್ಟಿಕ್ ಮುಚ್ಚಳಗಳ ಅಂಚಿಗೆ ಒಂದೊಂದು ಚಿಕ್ಕ ಆಯಸ್ಕಾಂತವನ್ನು, ಒಂದನ್ನೊಂದು ಸೆಳೆಯುವ ಮುಖ ಹೊರಗಿರುವಂತೆ, ಅಂಟಿಸಿ ತೇಲಿಸಿ. ಒಂದನ್ನು ಮುಟ್ಟಬಾರದು. ಇನ್ನೊಂದನ್ನು ಹುರಿಕಡ್ಡಿಯಿಂದ ಬರೀ ಊದಿ, ಕೈ ತಾಗಿಸದೆ, ಆಯಸ್ಕಾಂತಗಳು ಸೇರುವಂತೆ ಮಾಡಬೇಕು. ಜೋರಾಗಿ ಊದಿದರೆ ಮೊದಲನೆಯದು ಓಡಿಹೋಗುತ್ತದೆ, ಅಡ್ಡ ಊದಿದರೆ ಗಿರ್ರನೆ ತಿರುಗುತ್ತದೆ. ಎಷ್ಟನೆಯ ಸಲಕ್ಕೆ ಸೇರಿತು ಎಂದು ಮಗು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದು ಶಾಲೆಗೆ ತರಲಿ. ಹುರಿಕಡ್ಡಿ ಎಂದರೆ ಏನೆಂದು ಅಲ್ಲೊಬ್ಬರು ಕೇಳುತ್ತಿದ್ದಾರೆ. ಎಳನೀರು ಕುಡಿಯುವ ಕೊಳವೆ, ಅಮ್ಮಾ; ನಮ್ಮ ಕಡೆ ಮಕ್ಕಳು ಹಾಗೆನ್ನುತ್ತಾರೆ. ನಿಮ್ಮ ಮನೆಯ ಕನ್ನಡದಲ್ಲಿ ಅದಕ್ಕೆ ಬೇರೆ ಹೆಸರಿದ್ದರೆ ಅದನ್ನೂ ಬರೆಸಿ.